ಗಿಡ್ಡಪ್ಪನಹಳ್ಳಿಯ ದಿಬ್ಬ

ಇಳಿಜಾರಿಲ್ಲದ ಊರಿನಲ್ಲಿ ಸರ್ಕಾರಿ ಜೀಪನ್ನು ನಿಲ್ಲಿಸತಕ್ಕದ್ದಲ್ಲ ಎಂಬ ನಿಯಮ ನಮ್ಮ ಬ್ಲಾಕ್ ಆಫೀಸಿನಲ್ಲಿ ೧೯೬೮ರ ಜುಲೈನಲ್ಲಿ ಜಾರಿಗೆ ಬಂತು. ಸುತ್ತೋಲೆ ಬರೆದವನು ಗುಮಾಸ್ತನಾದ ನಾನೇ.

ಕಾರಣವಿಲ್ಲದೆ ಬರೆಯಲಿಲ್ಲ. ಜೀಪಿನ ಬ್ಯಾಟರಿ ಸತ್ತುಹೋಗಿತ್ತು. ಇಲಾಖೆಯ ತಜ್ಞರು ಬಂದು, ದೋಷ ಬ್ಯಾಟರಿಯದೇ ಎಂದು ಪ್ರಮಾಣಪತ್ರ ಕೊಟ್ಟು ಹೊಸದು ಹಾಕಿಸಿದರು. ಜೀಪು ಹೊರಟಿತು, ತಜ್ಞರ ಮಾತು ನಿಜವಾಯಿತು. ನಾಲ್ಕು ದಿನಕ್ಕೆ ಅದೂ ಸತ್ತಿತು. ಹೀಗೆ ಅವರ ಮಾತು ಮೂರು ಸಲ ನಿಜವಾಗುವ ಹೊತ್ತಿಗೆ ಬ್ಯಾಟರಿಯ ಕೋಟಾ ಮುಗಿಯಿತು. ಆಮೇಲೆ ಜೀಪನ್ನು ಎತ್ತರದಲ್ಲಿ ನಿಲ್ಲಿಸಿ, ಉರುಳಿಸಿಯೇ ಸ್ಟಾರ್ಟ್ ಮಾಡಬೇಕಾಯಿತು. ಅಭಿವೃದ್ಧಿಯೂ ಎತ್ತರದ ಊರುಗಳಲ್ಲೇ ಆಗತೊಡಗಿತು.

ಗಿಡ್ಡಪ್ಪನಹಳ್ಳಿ ಮಾತ್ರ ಅಂಗೈಯಷ್ಟು ಚಪ್ಪಟೆ. ಅಲ್ಲಿಯ ಲಕ್ಕಮ್ಮನಂಥವರು ಒಂದೂವರೆ ಮೈಲಿಯಿಂದ ಕುಡಿಯುವ ನೀರು ಹೊರುತ್ತಿದ್ದರು. ಊರಿಗೊಂದು ಬಾವಿ ಮಂಜೂರಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ನಮ್ಮ ಬಿ.ಡಿ.ಓ. ಸಾಹೇಬರು ಜಾಗ ನೋಡಿ ರುಜು ಹಾಕದಿದ್ದರೆ ಅದು ರದ್ದು.

ಊರಿನ ಯಜಮಾನ ಅಪ್ಪಯ್ಯಣ್ಣ ಆಫೀಸಿಗೆ ಬಂದ. ಜೊತೆಗೆ ಹೊಸಕೋಟೆಯಲ್ಲಿ ಲಾರಿ ರಿಪೇರಿ ಮಾಡುವ ಅವನ ಅಳಿಯ ಪಿಳ್ಳಪ್ಪ. ಪಿಳ್ಳಪ್ಪ ಯಾರನ್ನೂ ಕೇಳದೆ ಜೀಪಿನ ಬಾನೆಟ್ ಎತ್ತಿ, ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ.

"ಬ್ಯಾಟ್ರೀದೇನೂ ತಪ್ಪಿಲ್ಲ ಸಾರ್. ಬೆಲ್ಟು ಸಡ್ಲ ಆಗೈತೆ, ಡೈನಮೋ ಸರಿಯಾಗಿ ತಿರುಗ್ತಾ ಇಲ್ಲ. ಚಾರ್ಜು ಎಲ್ಲಿಂದ ಆಗ್ಬೇಕು? ಒಂದು ಸ್ಪ್ಯಾನರ್ ಕೊಡಿ, ಈಗ್ಲೇ ಬಿಗಿ ಮಾಡ್ತೀನಿ."

ಸಾಹೇಬರು ತಾಳ್ಮೆಯ ಮನುಷ್ಯ. "ನೋಡಪ್ಪಾ, ಬ್ಯಾಟರೀದೇ ದೋಷ ಅಂತ ಮೂರು ಪ್ರಮಾಣಪತ್ರ ಇದೆ. ನೀನು ಬೆಲ್ಟ್ ಬಿಗಿ ಮಾಡಿ ಜೀಪು ಹೊರಟುಬಿಟ್ರೆ ಮೂರೂ ಸುಳ್ಳಾಗ್ತವೆ. ಅದಕ್ಕೆ ಯಾರು ಜವಾಬ್ದಾರಿ?"

ಪಿಳ್ಳಪ್ಪ ಬಾನೆಟ್ ಮುಚ್ಚಿದ. ಹಾಗಾದರೆ ನಮ್ಮ ಗತಿಯೇನು ಎಂದು ಅಪ್ಪಯ್ಯಣ್ಣ ಕೇಳಿದ್ದಕ್ಕೆ ನಾನು ಸುತ್ತೋಲೆಯ ನಾಲ್ಕನೇ ಕಲಮು ಓದಿದೆ: ಇಳಿಜಾರು ಎಂದರೆ ಎಂಟು ಅಡಿಗೆ ಕಡಿಮೆಯಿಲ್ಲದ ದಿಬ್ಬ, ಅದು ದೇವರೇ ಮಾಡಿದ್ದಾಗಿರಬೇಕೆಂದಿಲ್ಲ. ಸ್ಪಷ್ಟವಾಗಿಯೇ ಓದಿದೆ.

ಊರಿನವರು ಮಂಕರಿಗಳಲ್ಲಿ ಕೆರೆಯ ಮಣ್ಣು ಹೊತ್ತು ನಲವತ್ತು ದಿನದಲ್ಲಿ ದಿಬ್ಬ ಎಬ್ಬಿಸಿದರು. ಲಕ್ಕಮ್ಮ ಬೆಳಿಗ್ಗೆ ನೀರು ಹೊತ್ತಳು, ಮಧ್ಯಾಹ್ನ ಮಣ್ಣು ಹೊತ್ತಳು. ಮಾರ್ಚ್ ಕೊನೆಯ ವಾರ ಜೀಪು ದಿಬ್ಬ ಹತ್ತಿ ನಿಂತಿತು. ಸಾಹೇಬರು ಅಲ್ಲೇ ರುಜು ಹಾಕಿದರು. ಲಾಗ್‌ಬುಕ್ಕಿನ ಪ್ರಕಾರ ಜೀಪು ನಿಂತ ಜಾಗವೇ ತನಿಖೆಯಾದ ಜಾಗ. ಆದ್ದರಿಂದ ಬಾವಿ ದಿಬ್ಬದ ನೆತ್ತಿಯ ಮೇಲೆ ಮಂಜೂರಾಯಿತು.

ನೀರಿರುವುದು ಕೆಳಗೆ, ಹುಣಸೆಮರದ ಹತ್ತಿರ ಎಂದಳು ಲಕ್ಕಮ್ಮ. ಜಾಗ ಬದಲಿಸಬೇಕಾದರೆ ಮುಂದಿನ ವರ್ಷ ಮತ್ತೆ ತನಿಖೆ, ಹುಣಸೆಮರಕ್ಕೆ ಇನ್ನೊಂದು ದಿಬ್ಬ ಎಂದರು ಸಾಹೇಬರು. ಅವಳು ದಿಬ್ಬದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದಳು.

"ಹೋಗ್ಲಿ ಬಿಡಿ ಸ್ವಾಮಿ. ಮೇಲಿನ ಎಂಟಡಿ ನಾವೇ ಹಾಕಿದ್ ಮಣ್ಣು. ತೋಡೋದು ಸಲೀಸು."

ಅವೇ ಮಂಕರಿಗಳಲ್ಲಿ ಮಣ್ಣು ಹೊರಗೆ ಬಂತು. ಎಂಟನೇ ದಿನಕ್ಕೆ ಊರಿನ ಹಳೆಯ ನೆಲ ಸಿಕ್ಕಿತು. ಬಾವಿ ಎಂಟು ಅಡಿ ಆಳವಾಗಿದೆ, ಪ್ರಗತಿ ತೃಪ್ತಿಕರ ಎಂದು ನಾನು ವರದಿ ಕಳಿಸಿದೆ. ಮೇಲಿನಿಂದ ಊರಿಗೆ ಪ್ರಶಂಸಾಪತ್ರ ಬಂತು. ಆಫೀಸಿನ ಅಂಗಳದಲ್ಲಿ ಸಮಾರಂಭ ಮಾಡಿ, ಅಚ್ಚುಕಟ್ಟಾಗಿ ಕೊಟ್ಟೆವು; ಅಪ್ಪಯ್ಯಣ್ಣ ಕೈಮುಗಿದು ತೆಗೆದುಕೊಂಡ, ಪಿಳ್ಳಪ್ಪನೂ ಚಪ್ಪಾಳೆ ತಟ್ಟಿದ. ಪತ್ರದಲ್ಲಿ ಲಕ್ಕಮ್ಮನ ಹೆಸರೂ ಇತ್ತು. ಕೂಗಿದಾಗ ಅವಳು ಇರಲಿಲ್ಲ, ನೀರಿಗೆ ಹೋಗಿದ್ದಳು.