ನಗೋರಿಗೆ ಚಾ ಕೊಡದ ಮನೆ

ಗೊತ್ತಿಲ್ಲದ ವಿಷಯಕ್ಕೇ ನನ್ನನ್ನ ಪಂಡಿತೆ ಅಂತ ಕೂರಿಸೋದು ಮೊದಲಿಂದಲೂ ನನ್ನ ಹಣೆಬರಹ. ಶಾಲೇಲಿ ಶ್ರುತಿ ಅಂದ್ರೇನು ಅಂತ ಗೊತ್ತಿಲ್ಲದ ನನ್ನನ್ನ ಪ್ರಾರ್ಥನೆಗೆ ಮುಂದೆ ನಿಲ್ಲಿಸಿದ್ರು. ಮದುವೆಯಾದ ವರ್ಷವೇ, ಹೋಳಿಗೆ ತಟ್ಟೋಕೆ ಬಾರದ ನನ್ನ ಮುಂದೆ ಮಣೆ ಇಟ್ಟು ಮೂವತ್ತು ಜನ ಎಲೆ ಹಾಕ್ಕೊಂಡು ಕೂತ್ರು. ಹಾಗಾಗಿ ಡಾಟ್‌ಕಾಮ್ ಕಾಲದಲ್ಲಿ, ಅಮೆರಿಕದವರ ಅರವತ್ತರ ದಶಕದ ಟೀವಿ ಧಾರಾವಾಹಿಗಳ ಬಗ್ಗೆ ಅಮೆರಿಕದವರಿಗೇ ಬರೆದು ತಿಳಿಸೋ ಕೆಲಸ ಬೆಂಗಳೂರಿನ ನನಗೆ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೀರೋ ಯಾರು?

ಆಫೀಸು ಅಮೆರಿಕದ ಹೇವರ್ಡ್ ಅನ್ನೋ ಊರಿನ ಒಂದು ಗೋದಾಮು. ಅರ್ಧ ಗೋದಾಮಿನಲ್ಲಿ ಬಚ್ಚಲುಮನೆ ಟೈಲ್ಸು, ಇನ್ನರ್ಧದಲ್ಲಿ ನಮ್ಮ ಕಂಪನಿ. ಹಳೇ ಟೀವಿ ಷೋಗಳ ಅಭಿಮಾನಿಗಳೆಲ್ಲ ಒಂದೇ ವೆಬ್‌ಸೈಟಿಗೆ ಬಂದು ಕೂರಬೇಕು ಅನ್ನೋದು ಬಾಸಿನ ಕನಸು. ಬಾಸು ಅಮೆರಿಕದವನು, ಐವತ್ತರ ಹತ್ತಿರ, ಆ ಷೋಗಳನ್ನ ನೋಡ್ತಾನೇ ಬೆಳೆದವನು.

ಇಂಟರ್‌ವ್ಯೂನಲ್ಲಿ ಕೇಳಿದ, "ಚಿಕ್ಕಂದಿನಲ್ಲಿ ಟೀವೀಲಿ ಏನು ನೋಡ್ತಿದ್ದೆ?"

ನಮ್ಮ ಬೀದಿಗೆ ಟೀವಿ ಬಂದಾಗ ನಾನು ಮಿಡ್ಲ್ ಸ್ಕೂಲು. ಎದುರುಮನೆಯವರ ಹಾಲಿನಲ್ಲಿ ನೆಲದ ಮೇಲೆ ಕೂತು, ಏನು ಬಂದ್ರೂ ಎದ್ದು ಹೋಗದೆ ನೋಡ್ತಿದ್ವಿ. ಸುಳ್ಳು ಯಾಕೆ ಹೇಳಲಿ ಅಂತ, "ರೈತರ ಕಾರ್ಯಕ್ರಮ, ಸಾರ್" ಅಂದೆ.

"ಓ! ಅದರ ಹೀರೋ ಯಾರು?"

"ಗೊಬ್ಬರ, ಸಾರ್."

ಬಾಸು ಪೆನ್ನು ಕೆಳಗಿಟ್ಟ. "ಇಷ್ಟವಾಗ್ತಿತ್ತಾ?"

"ಒಂದು ವಾರವೂ ತಪ್ಪಿಸಿಲ್ಲ."

"ಅರ್ಧ ಗಂಟೆ ಗೊಬ್ಬರ ನೋಡಿದೋಳು ಏನನ್ನ ಬೇಕಾದ್ರೂ ನೋಡ್ತಾಳೆ" ಅಂತ ಅಲ್ಲೇ ಕೈ ಕುಲುಕಿ ಕೆಲಸ ಕೊಟ್ಟುಬಿಟ್ಟ.

ಕೊನೆಗೊಂದು ನೀತಿ

ಕೆಲಸ ಇಷ್ಟೇ. ಕಪ್ಪು-ಬಿಳುಪಿನ ಹಳೇ ಎಪಿಸೋಡುಗಳ ಕ್ಯಾಸೆಟ್ಟು ನೋಡೋದು, ಒಂದೊಂದಕ್ಕೂ ಒಂದೊಂದು ಪ್ಯಾರಾ ಬರೆದು ಸೈಟಿಗೆ ಹಾಕೋದು. ಮೊದಲು ಕೈಗೆ ಬಂದದ್ದು ಒಂದು ಸಂಸಾರದ ಕಥೆ. ಹ್ಯಾಟು ಹಾಕಿದ ಅಪ್ಪ, ಹೈ ಹೀಲ್ಸ್ ಮೆಟ್ಟಿಕೊಂಡೇ ಅಡುಗೆ ಮಾಡೋ ಅಮ್ಮ, ಒಂದು ಗಂಡು, ಒಂದು ಹೆಣ್ಣು. ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಬರೆದ ಹಾಗೇ ಬರೆದೆ. "ಮಗ ಸುಳ್ಳು ಹೇಳುತ್ತಾನೆ. ತಂದೆಗೆ ತಿಳಿಯುತ್ತದೆ. ಮಗ ಕ್ಷಮೆ ಕೇಳುತ್ತಾನೆ. ನೀತಿ: ಸುಳ್ಳು ಹೇಳಬಾರದು."

ಇಪ್ಪತ್ತು ಎಪಿಸೋಡು ಬರೆದೆ. ಹದಿನೆಂಟರಲ್ಲಿ ನೀತಿ ಅದೇ.

ಬಾಸು ಕರೆದ. "ಈ ಪುಟವನ್ನ ದಿನಕ್ಕೆ ಎಷ್ಟು ಜನ ಓದ್ತಾರೆ ಗೊತ್ತಾ? ಒಬ್ಬರು."

"ಒಬ್ಬರಾದ್ರೂ ಓದ್ತಾರಲ್ಲ, ಸಾರ್!"

"ಆ ಒಬ್ಬರು ನೀನು. ನಿನ್ನ ಕಂಪ್ಯೂಟರಿಂದಲೇ ಬರ್ತಿದೆ."

ನಗು ಬರಲಿಲ್ಲ. ಯಾಕಂದ್ರೆ ಮುಂದೆ ಹೇಳಿದ್ದು ಬೇರೆ ಮಾತು: ಮೂರು ತಿಂಗಳಲ್ಲಿ ಓದುಗರು ಬರದಿದ್ರೆ ಈ ವಿಭಾಗ ಮುಚ್ಚಿಬಿಡ್ತೀನಿ. ನಮ್ಮ ಯಜಮಾನರ ಕಂಪನಿ ಆಗಲೇ ಮುಳುಗಿ, ಅವರು ಮನೇಲಿ ಕೂತು ಅರ್ಜಿ ಹಾಕ್ತಿದ್ರು. ನಮ್ಮಿಬ್ಬರ ವೀಸಾನೂ ನನ್ನ ಈ ಒಂದು ಕೆಲಸದ ಮೇಲೆ ನಿಂತಿತ್ತು. ಕೆಲಸ ಹೋದ್ರೆ ಗಂಟುಮೂಟೆ ಕಟ್ಟೋದೇ. ಅವತ್ತು ಫ್ರೀವೇಲಿ ನಮ್ಮ ಮನೆಯಿದ್ದ ಕ್ಯಾಂಪ್‌ಬೆಲ್‌ವರೆಗೂ ಅಳ್ತಾ ಗಾಡಿ ಓಡಿಸಿದೆ. ಮನೆ ಹತ್ರ ಬಂದಾಗ ನನ್ನ ಬಗ್ಗೆಯೇ ಒಂದು ನೀತಿ ಹೊಳೀತು: ತನ್ನ ಪುಟವನ್ನ ತಾನೇ ಓದೋದಾದ್ರೆ ಬೇರೆ ಬೇರೆ ಕಂಪ್ಯೂಟರಿಂದ ಓದಬೇಕು.

ಒಳಮನೆಯ ಮಂದಿ

ಆ ಹೊತ್ತಿಗೆ ಧಾರವಾಡದಿಂದ ನಮ್ಮತ್ತೆ ಬಂದಿದ್ರು, ಆರು ತಿಂಗಳ ವಿಸಿಟರ್ ವೀಸಾದಲ್ಲಿ. ಅವರ ಇಂಗ್ಲಿಷು ಮೂರೇ ಮಾತು: ಬಸ್‌ಸ್ಟಾಪು, ಥ್ಯಾಂಕ್ಯೂ, ಸಾರಿ. ಅದರಲ್ಲೂ ಸಾರಿ ಅನ್ನೋದನ್ನ ಇಲ್ಲಿಯವರೆಗೆ ಉಪಯೋಗಿಸಿಲ್ಲ.

ಆಫೀಸಿನ ವಿಸಿಆರ್ ಕೆಟ್ಟಿತ್ತು. ಕ್ಯಾಸೆಟ್ಟು ಮನೆಗೆ ತಂದು ಹಾಕಿದೆ. ಅತ್ತೆ ಬಟಾಣಿ ಸುಲೀತಾ ಬಂದು ಪಕ್ಕದಲ್ಲಿ ಕೂತ್ರು. ಅಪ್ಪ ಏನೋ ಅಂದ, ಜನ ಗೊಳ್ಳಂತ ನಕ್ಕರು. ಹುಡುಗ ಏನೋ ಅಂದ, ಮತ್ತೆ ನಕ್ಕರು. ಅತ್ತೆ ಬಟಾಣಿ ಬಿಟ್ಟು ಟೀವಿ ಕಡೆ ಕಣ್ಣು ಕಿರಿದು ಮಾಡಿ ನೋಡಿದ್ರು.

"ಏನವಾ, ಒಳಮನ್ಯಾಗ ಇಷ್ಟ್ ಮಂದಿ ಬಂದು ಕುಂತು ನಗಾಕತ್ತಾರ, ಅಕಿ ಒಬ್ರಿಗೂ ಒಂದು ಕಪ್ ಚಾ ಕೊಡವಲ್ಲಳು! ಎಂಥಾ ಹೆಣ್ಮಗಳು ಅದು?"

"ಅತ್ತೆ, ಅಲ್ಲಿ ಯಾರೂ ಕೂತಿಲ್ಲ. ಮೊದಲೇ ರೆಕಾರ್ಡ್ ಮಾಡಿದ ನಗು. ಮಿಷನ್ನಿಂದ ಬರುತ್ತೆ."

"ಮಿಷನ್ ನಗತೈತಿ?"

"ಹೂಂ."

ಅತ್ತೆ ಮತ್ತೆ ಬಟಾಣಿ ಕೈಗೆತ್ತಿಕೊಂಡ್ರು. "ಹಂಗಾರ ಮಿಷನ್ ಹಚ್ಚಿದಾಂವಗರೆ ಚಾ ಕೊಡಬೇಕಿಲ್ಲೋ?"

ಎರಡು ಮಂಚ

ಅವತ್ತು ನನಗೆ ಬರೆಯೋಕೆ ಏನೂ ಹೊಳೀಲಿಲ್ಲ. ಹೇಗೂ ಓದೋಳು ನಾನೊಬ್ಬಳೇ ತಾನೇ ಅಂತ ಅತ್ತೆ ಹೇಳಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಬೆಳಿಗ್ಗೆ ನೋಡಿದ್ರೆ ನೂರಾರು ಜನ ಓದಿದ್ದಾರೆ! "ಮೂವತ್ತು ವರ್ಷದಿಂದ ನೋಡ್ತಿದೀವಿ, ಆ ಮನೇಲಿ ಚಹಾ ಕೊಡಲ್ಲ ಅಂತ ನಮಗೆ ಹೊಳೆದೇ ಇರಲಿಲ್ಲ" ಅಂತ ಪತ್ರಗಳು. ಒಬ್ಬ ಓದುಗ ಎಲ್ಲಾ ಎಪಿಸೋಡು ಜಾಲಾಡಿ, ಒಂದರಲ್ಲಿ ಆಕೆ ಪೊಲೀಸಿಗೆ ಕಾಫಿ ಕೊಡ್ತಾಳೆ ಅಂತ ಹುಡುಕಿ ತೆಗೆದ. ಅತ್ತೆಗೆ ಹೇಳಿದೆ.

"ಹೆದರಿ ಕೊಟ್ಟಾಳ. ಅದನ್ನ ಲೆಕ್ಕಕ್ಕ ಹಿಡ್ಯಾಂಗಿಲ್ಲ" ಅಂತ ತೀರ್ಪು ಕೊಟ್ಟರು. ಅದನ್ನೂ ಹಾಕಿದೆ.

ಅವಾಗಿಂದ ದಿನಾ ಸಂಜೆ ಅತ್ತೆ ನೋಡೋದು, ನಾನು ಬರೆಯೋದು. ಮಾತು ಅರ್ಥವಾಗದಿದ್ರೂ ಅವರಿಗೆ ಕಥೆಯೆಲ್ಲ ಅರ್ಥವಾಗ್ತಿತ್ತು. ಸೀರೆ ಅಂಗಡೀಲಿ ಕೂತು ಎದುರಿನ ಜೋಡಿ ನೋಡಿ, ಯಾರ ಮನೆಯವರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಅಂತ ಹೇಳೋ ಹೆಂಗಸು ಅದು. ಬಾಸು ಬೆನ್ನು ತಟ್ಟಿ, "ನಿನಗೇನಾಯ್ತು? ಒಂದೇ ವಾರದಲ್ಲಿ ಬೇರೆಯವಳೇ ಆಗಿಬಿಟ್ಟೆ" ಅಂದ. ಬೇರೆಯವರೇ ಬರೆಸ್ತಿರೋದು ಅಂತ ಹೇಳೋಕೆ ಧೈರ್ಯ ಬರಲಿಲ್ಲ.

ಆ ಕಾಲದ ಷೋಗಳಲ್ಲಿ ಗಂಡ ಹೆಂಡತಿಯನ್ನ ಒಂದೇ ಮಂಚದಲ್ಲಿ ತೋರಿಸ್ತಾ ಇರಲಿಲ್ಲ. ಎರಡು ಮಂಚ, ಮಧ್ಯೆ ಒಂದು ದೀಪ. ಮೊದಲ ಸಲ ನೋಡಿ ಅತ್ತೆ, "ಪಾಪ, ಜಗಳಾಡ್ಯಾರ" ಅಂದ್ರು. ನಾಳೆ ಸರಿಹೋಗ್ತಾರೆ ಅಂತ ಕಾದರು. ಹತ್ತು ಎಪಿಸೋಡು ಆಯ್ತು, ಇಪ್ಪತ್ತಾಯ್ತು, ಮಂಚ ಮಾತ್ರ ಹತ್ತಿರ ಸರೀಲಿಲ್ಲ.

"ಅದು ಆ ಕಾಲದ ಪದ್ಧತಿ ಅತ್ತೆ, ಜಗಳವಲ್ಲ" ಅಂದೆ.

"ಪದ್ಧತಿ ಅಲ್ಲವಾ. ಅಕಿ ಅವನ ಕಣ್ಣಾಗ ಕಣ್ಣಿಟ್ಟು ಒಮ್ಮೆರೆ ನೋಡ್ಯಾಳೇನು? ಹ್ಯಾಟ್ ಕೊಡೂವಾಗೂ ಗ್ವಾಡಿ ನೋಡಿ ಕೊಡತಾಳ. ಮಾತು ಬಿಟ್ಟಾರ ಇವರು."

ಅದನ್ನೂ ಬರೆದೆ. ಸೋಫಾದಲ್ಲಿ ಕೂತಿದ್ದ ನಮ್ಮ ಯಜಮಾನರಿಗೆ ತಡೆಯೋಕಾಗಲಿಲ್ಲ. "ಅವ್ವಾ, ಮಾತು ಬಿಟ್ಟಿದ್ರೆ ಎರಡು ಮಕ್ಕಳು ಹ್ಯಾಂಗ ಆದ್ವು?"

"ನಿಮ್ಮಪ್ಪನ ಕೇಳು" ಅಂತ ಅತ್ತೆ ಮತ್ತೆ ಬಟಾಣಿಗೆ ಕೈ ಹಾಕಿದ್ರು.

ಕುದುರೆಯ ಮುಷ್ಕರ

ಬಾಸಿಗೆ ಆಸೆ ಹೆಚ್ಚಾಯ್ತು. ಕೌಬಾಯ್ ಧಾರಾವಾಹಿ ಒಂದರ ಇಡೀ ಪೆಟ್ಟಿಗೆ ಕ್ಯಾಸೆಟ್ಟು ತಂದು ಮೇಜಿನ ಮೇಲಿಟ್ಟ. "ನಮ್ಮ ಸೈಟಿಗೆ ಜನ ಹೆಚ್ಚು ಕಾಯ್ತಿರೋದು ಇದಕ್ಕೇ."

ಅತ್ತೆ ಒಂದು ಎಪಿಸೋಡು ನೋಡಿದ್ರು. ಹೀರೋ ಬಿಸಿಲಲ್ಲಿ ಮರಳುಗಾಡು ದಾಟಿದ, ಕಳ್ಳರನ್ನ ಅಟ್ಟಿಸಿಕೊಂಡು ಹೋದ, ವಾಪಸು ಬಂದ, ಕುದುರೆ ಕಟ್ಟಿ ತಾನು ಒಳಗೆ ಹೋಗಿ ಗಟಗಟ ಕುಡಿದ. ಅತ್ತೆ ಎದ್ದುಬಿಟ್ಟರು.

"ತಾ ಕುಡದ. ಆ ಕುದರಿಗೆ ಒಂದು ಹನಿ ನೀರು ಕುಡಿಸಿದನೇನು? ಅದಕ್ಕ ನೀರು ಕುಡಿಸೋತನಕ ನಾ ನೋಡಾಂಗಿಲ್ಲ."

ಮುಂದಿನ ಮೂರು ಎಪಿಸೋಡು ನಾನೇ ಓಡಿಸಿ ನೋಡಿದೆ. ಯಾರೂ ಕುಡಿಸಲಿಲ್ಲ. ಪೆಟ್ಟಿಗೆ ಹಾಗೇ ಉಳೀತು. ಬಾಸು ದಿನಾ ಕೇಳೋನು, ನಾನು ದಿನಾ "ಇನ್ನೂ ಸ್ಟಡಿ ಮಾಡ್ತಿದೀನಿ, ಸಾರ್" ಅನ್ನೋಳು. ಒಂದು ಕುದುರೆಯ ಬಾಯಾರಿಕೆಗೆ ನಾವು ಬೆಂಗಳೂರಿಗೆ ವಾಪಸು ಹೋಗಬೇಕಾಗುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ.

ಸರ್ವರು ಬಿತ್ತು

ನಮ್ಮ ಸರ್ವರು ನೋಡ್ಕೊಳ್ತಿದ್ದವರು ಮೈಸೂರಿನವರು. ಎಲ್ಲರೂ ಭಾಯ್ ಅಂತಿದ್ವಿ. ಬರೆಸೋರು ಅತ್ತೆ ಅನ್ನೋ ಗುಟ್ಟು ಆಫೀಸಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಎರಡು ಮಂಚದ ಪ್ಯಾರಾ ಹಾಕಿದ ಮಾರನೇ ದಿನ ಏದುಸಿರು ಬಿಡ್ತಾ ಓಡಿ ಬಂದ್ರು.

"ಅಕ್ಕಾ, ಜನ ಒಂದೇ ಸಮನೆ ನುಗ್ಗಿ ಸರ್ವರೇ ಬಿದ್ದೋಯ್ತು! ನಿಮ್ಮತ್ತೆಗೆ ಸ್ವಲ್ಪ ಕಡಿಮೆ ಮಾತಾಡೋಕೆ ಹೇಳಿ."

"ಭಾಯ್, ನೀವು ಹೇಳಿ. ನಾನು ಏಳು ವರ್ಷದಿಂದ ಟ್ರೈ ಮಾಡ್ತಿದೀನಿ."

ವಾಲ್ನಟ್ ಕ್ರೀಕಿನಿಂದ ಬಂದ ತಾಯಿ

ಮೂರನೇ ತಿಂಗಳ ಕೊನೇ ವಾರ. ಬಾಸು ಬಿಳಿಚಿಕೊಂಡು ಬಂದ. ಆ ಸಂಸಾರದ ಕಥೇಲಿ ಅಮ್ಮನ ಪಾತ್ರ ಮಾಡಿದಾಕೆ ಬದುಕಿದ್ದಾರೆ, ಇಲ್ಲೇ ಹತ್ತಿರದ ವಾಲ್ನಟ್ ಕ್ರೀಕ್ ಊರಿನಲ್ಲಿದ್ದಾರೆ. ತೀರಿಹೋದ ಅವರ ಗಂಡ ಆ ಷೋದ ನಿರ್ಮಾಪಕರು, ಹಕ್ಕೆಲ್ಲ ಈಗ ಆಕೆಯದ್ದೇ. ಮೊಮ್ಮಗಳು ನಮ್ಮ ಪುಟ ಓದಿ ಹೇಳಿದ್ದಾಳೆ. ಫೋನು ಮಾಡಿ ಆಕೆ ಕೇಳಿದ್ದು ಒಂದೇ ಮಾತಂತೆ: "ನಾನು ಐದು ವರ್ಷ ಯಾರಿಗೂ ಚಹಾ ಕೊಡಲಿಲ್ಲ ಅಂತ ಬರೆದದ್ದು ಯಾರು? ನಾಳೆ ಬರ್ತೀನಿ. ಅವರನ್ನ ನನ್ನ ಮುಂದೆ ಕೂರಿಸಿ."

"ಆ ಷೋ ಬಳಸೋಕೆ ಆಕೆ ಒಪ್ಪಿಗೆ ಕೊಡದಿದ್ರೆ ನಮ್ಮ ವಿಭಾಗವೇ ಇಲ್ಲ" ಅಂದ ಬಾಸು. "ಬರೆದದ್ದು ನೀನು. ನೀನೇ ಸಮಾಧಾನ ಮಾಡಬೇಕು."

ಇನ್ನು ಮುಚ್ಚಿಡೋಕಾಗಲಿಲ್ಲ. "ಬರೆದದ್ದು ನಾನು, ಸಾರ್. ಹೇಳಿದ್ದು ನಮ್ಮತ್ತೆ. ಅವರಿಗೆ ಇಂಗ್ಲಿಷ್ ಬರಲ್ಲ." ಬಾಸು ಅಲ್ಲೇ ಟೈಲ್ಸಿನ ಡಬ್ಬದ ಮೇಲೆ ಕುಸಿದು ಕೂತ.

ಮಾರನೇ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಫ್ಲಾಸ್ಕಿನ ತುಂಬ ಚಾ, ಡಬ್ಬೀಲಿ ಹಚ್ಚಿದ ಅವಲಕ್ಕಿ ತಗೊಂಡು ಕಾರು ಹತ್ತಿದ್ರು. ದಾರಿಯಲ್ಲಿ ನಾನು ಕೈ ಮುಗಿದೆ. "ಅತ್ತೆ, ನಮ್ಮಿಬ್ಬರ ವೀಸಾ ನಿಮ್ಮ ಕೈಲಿದೆ. ಆಕೆ ಏನು ಕೇಳಿದ್ರೂ ಸಾರಿ ಅಂದುಬಿಡಿ."

"ನೋಡೂಣಂತ" ಅಂದ್ರು.

ಆಫೀಸಿಗೆ ಬಂದದ್ದು ಎಪ್ಪತ್ತು ದಾಟಿದ ಹೆಂಗಸು. ಈಗಲೂ ಹೈ ಹೀಲ್ಸು, ಬೆನ್ನು ನೆಟ್ಟಗೆ. ಕುರ್ಚಿಯಲ್ಲಿ ಕೂತು, "ಆ ವಿಮರ್ಶಕರು ಇವರೇನಾ?" ಅಂದ್ರು. ನಾನು ಅತ್ತೆ ಕಡೆ ನೋಡಿದೆ. ಸಾರಿ ಅನ್ನಿ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅತ್ತೆ ಸೀದಾ ಹೋಗಿ ಆಕೆಯ ಎರಡೂ ಕೈ ಹಿಡಿದು, ಪಕ್ಕದಲ್ಲೇ ಕೂತುಬಿಟ್ಟರು.

"ತಂಗಿ, ಈಗರೆ ನೀ ಆ ಹ್ಯಾಟಿನ ಗಂಡನ ಕೂಡ ಮಾತಾಡತೀ ಇಲ್ಲೋ?"

"ಏನಂದ್ರು?" ಅಂದ್ರು ಆಕೆ.

ಬಾಸು, "ಹೇಳು, ಹೇಳು" ಅಂತಿದ್ದಾನೆ. ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಆಕೆ ಕರ್ಚೀಫು ತೆಗೆದು ಕಣ್ಣಿಗೆ ಒತ್ತಿಕೊಂಡ್ರು. ಅಳ್ತಿದ್ದಾರೆ ಅಂದ್ಕೊಂಡೆ. ನಗ್ತಿದ್ರು!

"ಆ ಟೀವಿ ಗಂಡನಿಗೂ ನನಗೂ ಎರಡನೇ ವಾರವೇ ಜಗಳವಾಯ್ತು. ಐದು ವರ್ಷ ಕ್ಯಾಮೆರಾದ ಮುಂದೆ ಬಿಟ್ರೆ ಒಂದು ಮಾತೂ ಆಡಲಿಲ್ಲ. ಯಾರಿಗೂ ಹೇಳಿಲ್ಲ. ಇಡೀ ದೇಶ ನೋಡಿತು, ಯಾರೂ ಕಂಡುಹಿಡೀಲಿಲ್ಲ. ಇವರಿಗೆ ಹೇಗೆ ಗೊತ್ತಾಯ್ತು?"

ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿ, "ಪದ್ಧತಿ ಅಂದ್ಯಲ್ಲ?" ಅಂದ್ರು.

"ಚಹಾ ಕೊಡೋಣ ಅಂದ್ರೆ ಆ ಒಲೆ ಮರದ್ದು" ಅಂದ್ರು ಆಕೆ. "ಕೆಟಲು ಖಾಲಿ. ಐದು ವರ್ಷ ಒಂದು ಲೋಟ ನೀರೂ ಕಾಯಿಸಿಲ್ಲ ನಾನು."

ಅತ್ತೆ ಫ್ಲಾಸ್ಕು ತೆಗೆದು, ಬಿಸಿ ಬಿಸಿ ಚಾ ಬಗ್ಗಿಸಿ ಆಕೆಯ ಕೈಗಿಟ್ಟರು. "ಮರದ ಒಲಿ ಮುಂದ ಐದು ವರ್ಷ ನಿಂತೀ ಪಾಪ. ಮೊದಲ ನೀ ಕುಡಿ." ಆಕೆ ಎರಡು ಲೋಟ ಕುಡಿದ್ರು, ಅವಲಕ್ಕಿ ಮೂರು ಸಲ ಹಾಕಿಸಿಕೊಂಡ್ರು. ಬಾಸು ಮುಂದಿಟ್ಟ ಒಪ್ಪಿಗೆ ಪತ್ರಕ್ಕೆ ಖಾರದ ಕೈಯಲ್ಲೇ ಸಹಿ ಹಾಕಿದ್ರು.

ನನಗೆ ಜೀವ ಬಂದ ಹಾಗಾಯ್ತು. ಬಾಸು ಅತ್ತೆಗೆ ಬಗ್ಗಿ ನಮಸ್ಕಾರ ಮಾಡಿ, "ನಿಮಗೇ ಕೆಲಸ ಕೊಡ್ತಿದ್ದೆ, ವಿಸಿಟರ್ ವೀಸಾ ಆಗಿಬಿಡ್ತು" ಅಂದ. ಹೇಳಿದೆ. ಅತ್ತೆ, "ನನಗ ಬ್ಯಾಡ. ಈ ಹುಡುಗಿನ್ನ ಮಾತ್ರ ಬಿಡಬ್ಯಾಡ ಅನ್ನು. ಭಾಳ ಛಲೋ ಹುಡುಗಿ. ಕ್ಯಾಸೆಟ್ ತರೋರು ಯಾರು ಮತ್ತ?" ಅಂದ್ರು. ಏಳು ವರ್ಷದಲ್ಲಿ ನನ್ನ ಬಗ್ಗೆ ಅತ್ತೆ ಬಾಯಿಂದ ಬಂದ ಮೊದಲನೇ ಹೊಗಳಿಕೆ. ಅದನ್ನ ಬಾಸಿಗೆ ಇಂಗ್ಲಿಷಿನಲ್ಲಿ ನಾನೇ ಹೇಳಬೇಕಾಯ್ತು. ಸ್ವಲ್ಪ ಉದ್ದ ಮಾಡಿಯೇ ಹೇಳಿದೆ.

"ನಿನ್ನ ಕೆಲಸ ಗಟ್ಟಿ" ಅಂದ ಬಾಸು. "ಆದ್ರೆ ಆ ಕೌಬಾಯ್ ಪೆಟ್ಟಿಗೆ ಮುಗಿಸಬೇಕು. ಆಫೀಸಿನ ವಿಸಿಆರೂ ರಿಪೇರಿಯಾಗಿ ಬಂದಿದೆ."

ಕುದುರೆಗೆ ನೀರು ಕುಡಿಸೋತನಕ ಅತ್ತೆ ನೋಡಲ್ಲ ಅಂತ ಪಟ್ಟು ಹಿಡಿದಿರೋದನ್ನ ಬೇರೆ ದಾರಿ ಕಾಣದೆ ಇಬ್ಬರ ಮುಂದೆಯೂ ಒಪ್ಪಿಕೊಂಡೆ.

ನಟಿ ಲೋಟ ಕೆಳಗಿಟ್ಟರು. "ಬಿಳೀ ಕುದುರೆನಾ, ಹಣೆ ಮೇಲೆ ಕಪ್ಪು ಮಚ್ಚೆ ಇರೋದು? ಅದರ ಶೂಟಿಂಗು ನಮ್ಮ ಪಕ್ಕದ ಷೆಡ್ಡಿನಲ್ಲೇ. ಆ ಟೀವಿ ಗಂಡನ ಜೊತೆ ನನಗೆ ಮಾತಿರಲಿಲ್ಲ ನೋಡು, ಊಟದ ಬಿಡುವಲ್ಲಿ ಆ ಕುದುರೆ ಹತ್ರ ಹೋಗಿ ಕೂರ್ತಿದ್ದೆ. ದಿನಾ ಬಕೆಟ್ಟಿನಲ್ಲಿ ನೀರು ಕುಡಿಸ್ತಿದ್ದವಳು ನಾನೇ."

ಹೇಳಿದೆ. ಅತ್ತೆ ಆಕೆಯ ಗಲ್ಲ ಸವರಿ ಲಟಿಕೆ ಮುರಿದ್ರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಟೀವಿ ಕಡೆ ತಿರುಗಿಸಿ, ಅಮೆರಿಕದ ನನ್ನ ಬಾಸಿಗೇ ಅಪ್ಪಣೆ ಮಾಡಿದ್ರು.

"ಹಂಗಾರ ಹಚ್ಚೋ ತಮ್ಮಾ ಕ್ಯಾಸೆಟ್ಟು!"

ನಾನು ಇಂಗ್ಲಿಷಿನಲ್ಲಿ ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಬಾಸು ಆಗಲೇ ಎದ್ದು ಹಚ್ಚಿಯಾಗಿತ್ತು.