ಅರಸೀಕೆರೆಯಲ್ಲಿ ವಿಮಾನದ ಪಲ್ಟಿ

ನಲವತ್ತು ದಾಟಿದ ಮನುಷ್ಯನಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಕೆಲವರಿಗೆ ಸೈಟು ಕೊಳ್ಳುವ ಹುಚ್ಚು, ಕೆಲವರಿಗೆ ಕಂಡವರಿಗೆಲ್ಲ ಸಕ್ಕರೆ ಕಾಯಿಲೆಯ ಪಥ್ಯ ಹೇಳುವ ಹುಚ್ಚು. ಅರಸೀಕೆರೆಯ ಬ್ಯಾಂಕೊಂದರ ಕೌಂಟರಿನಲ್ಲಿ ಕೂರುತ್ತಿದ್ದ ನನಗೆ ಹಿಡಿದದ್ದು ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನದ ಹುಚ್ಚು. ಹಗುರ ಮರದ ಪಟ್ಟಿಗಳನ್ನು ಅಂಟಿಸುತ್ತಾ ಊಟದ ಮೇಜನ್ನೇ ಕಾರ್ಖಾನೆ ಮಾಡಿಕೊಂಡಿದ್ದೆ. ಮನೆಮಂದಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. “ಗಾಳಿಪಟ ಆಗಿದ್ರೆ ದಾರನಾದ್ರೂ ಕೈಲಿರೋದು” ಎಂದು ನನ್ನ ಹೆಂಡತಿ ಸುಮಿತ್ರ ಮೂಗು ಮುರಿದಿದ್ದಳು. ಅವಳ ಕಣ್ಣೆದುರು ಒಂದೇ ಒಂದು ಸಲ ನನ್ನ ವಿಮಾನ ಸರಿಯಾಗಿ ಪಲ್ಟಿ ಹೊಡೆದು ನೆಟ್ಟಗೆ ನೆಲಕ್ಕಿಳಿಯಬೇಕು ಎನ್ನುವುದೇ ಆಗ ನನ್ನ ಜನ್ಮದ ಆಸೆಯಾಗಿತ್ತು.

ಒಬ್ಬನೇ ಹಾರಿಸಿದರೆ ಹುಚ್ಚು ಎನ್ನುತ್ತಾರೆ, ನಾಲ್ಕು ಜನ ಸೇರಿ ಹಾರಿಸಿದರೆ ಕ್ರೀಡೆ ಎನ್ನುತ್ತಾರೆ. ಹಾಗಾಗಿ ನಮ್ಮ ಕ್ಲಬ್ಬಿನ ಬೆನ್ನು ಹತ್ತಿದೆ. ಹೆಸರಿಗೆ ಅದು ಕ್ರೀಡಾ ಸಂಘ; ಆದರೆ ಅಲ್ಲಿ ಅದುವರೆಗೆ ಬೆವರು ಸುರಿಸಿದ್ದು ಇಸ್ಪೀಟಿನಲ್ಲಿ ಸೋತವರು ಮಾತ್ರ. ವಿಮಾನದ ಪಲ್ಟಿ ಸ್ಪರ್ಧೆ ನಡೆಸೋಣ, ನಮ್ಮಂಥ ಊರಿನ ಕ್ಲಬ್ಬುಗಳು ಮುಂದೆ ಬರಬೇಕು ಎಂದು ಭಾಷಣ ಬಿಗಿದೆ. ಕೊಬ್ಬರಿ ವ್ಯಾಪಾರದ ರುದ್ರಪ್ಪನವರು ಕ್ಲಬ್ಬಿನ ಅಧ್ಯಕ್ಷರು. ಕೈಯಲ್ಲಿದ್ದ ಇಸ್ಪೀಟೆಲೆಗಳಿಂದ ತಲೆ ಎತ್ತದೆ, “ಆಯ್ತು ಕಣ್ರೀ, ಒಂದ್ಸಲ ಮಾಡಾನ. ಜನ ಒಪ್ಪಿದ್ರೆ ವರ್ಷಾವರ್ಷ. ಒಪ್ಪಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಂಗಿಲ್ಲ” ಎಂದರು.

ಕಣಕಟ್ಟೆ ಕಡೆ ತೆಂಗಿನ ತೋಟಗಳ ನಡುವಿನ ಬಯಲಿನಲ್ಲಿ ಶಾಮಿಯಾನ ಎದ್ದಿತು. ಹಾಸನದಿಂದಲೂ ಬೆಂಗಳೂರಿನಿಂದಲೂ ಹಾರಿಸುವವರು ಬಂದರು. ಮೊದಲ ಸಾಲಿನಲ್ಲಿ ಸುಮಿತ್ರ ರೇಷ್ಮೆ ಸೀರೆಯಲ್ಲಿ ಕೂತಿದ್ದಳು. ಅಷ್ಟರಲ್ಲಿ ರುದ್ರಪ್ಪನವರು ಪೂಜೆಯ ತಟ್ಟೆ ತರಿಸಿದರು. ಪೂಜೆಯಾಗದೆ ಸೈಕಲ್ಲನ್ನೂ ರಸ್ತೆಗಿಳಿಸದ ಜನ ನಾವು, ವಿಮಾನವನ್ನು ಬಿಡುತ್ತೇವೆಯೇ? ತಟ್ಟೆ ಕಂಡದ್ದೇ ಪರಊರಿನವರು ತಮ್ಮ ವಿಮಾನಗಳನ್ನು ಕಾರಿನೊಳಗೆ ಇಟ್ಟು ಬಾಗಿಲು ಹಾಕಿಕೊಂಡರು. ಸಿಕ್ಕಿದ್ದು ನನ್ನದೊಂದೇ. ರೆಕ್ಕೆಗೆ ಕುಂಕುಮ ಬಿತ್ತು, ಕಾಯಿ ಒಡೆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದರೆ ಹಣ್ಣೇ ಚಕ್ರಕ್ಕಿಂತ ದೊಡ್ಡದು!

“ಹಂಗಾರೆ ದೃಷ್ಟಿಗೆ ಕಟ್ಟಾನ ಬಿಡಿ” ಎಂದು ರುದ್ರಪ್ಪನವರು ಅದೇ ನಿಂಬೆಹಣ್ಣಿಗೆ ಹಸಿಮೆಣಸಿನಕಾಯಿ ಪೋಣಿಸಿ ವಿಮಾನದ ಬಾಲಕ್ಕೆ ಬಿಗಿದರು.

“ಸಾರ್, ಹಿಂದೆ ಭಾರವಾದ್ರೆ ಮೂಗು ಮೇಲೇಳುತ್ತೆ, ಹಿಡಿತಕ್ಕೆ ಸಿಗಲ್ಲ” ಎಂದೆ, ಆದಷ್ಟು ವಿನಯದಿಂದ.

“ಮೇಲೇಳ್ಲಿ ಅಂತಲೇ ಅಲ್ವೇನ್ರೀ ಬಿಡೋದು? ಇಷ್ಟು ಜನದ ಕಣ್ಣು ಬಿದ್ದೈತೆ, ಸುಮ್ನಿರಿ.”

ಅಧ್ಯಕ್ಷರು ಸ್ವಹಸ್ತದಿಂದ ಕಟ್ಟಿದ್ದನ್ನು ಅಷ್ಟು ಜನರೆದುರು ಬಿಚ್ಚುವ ಎದೆಗಾರಿಕೆ ನನಗಿದ್ದಿದ್ದರೆ ನಾನು ಬ್ಯಾಂಕಿನಲ್ಲಿ ಅಷ್ಟು ಹೊತ್ತಿಗೆ ಮ್ಯಾನೇಜರಾಗಿರುತ್ತಿದ್ದೆ.

ಪರಊರಿನವರು ಮೊದಲು ಹಾರಿಸಿದರು. ಅವರ ವಿಮಾನಗಳು ದುಂಡಗೆ ಸುತ್ತಿದವು, ಗಾಳಿಯಲ್ಲೇ ಮಗ್ಗುಲಾದವು, ತಲೆಕೆಳಗಾಗಿ ಸಾಗಿದವು, ಹೂವಿನಂತೆ ಇಳಿದವು. ನನಗೆ ಹೊಟ್ಟೆಕಿಚ್ಚಿನಿಂದ ಕಣ್ಣೀರು ಬರುವುದೊಂದು ಬಾಕಿ. ಜನ ಮಾತ್ರ ಕಡಲೆಕಾಯಿ ಸುಲಿಯುತ್ತಿದ್ದರು. “ವಿಮಾನ ಅಂದ್ಮೇಲೆ ಹಾರ್ದೆ ಇನ್ನೇನ್ಲಾ ಮಾಡ್ತದೆ?” ಎಂದು ಒಬ್ಬಾತ ಆಕಳಿಸಿದ. ವರ್ಷಾವರ್ಷದ ಸ್ಪರ್ಧೆಯ ಕಥೆ ಮುಗಿಯಿತೆಂದುಕೊಂಡು ರಿಮೋಟು ಹಿಡಿದೆ.

ನನ್ನ ವಿಮಾನ ನೆಲ ಬಿಟ್ಟದ್ದೇ ತಡ, ಮೂಗೆತ್ತಿ ನಿಂತಿತು, ಹಿಂದಕ್ಕೆ ಮಗುಚಿತು, ಶಾಮಿಯಾನದ ಮೇಲೆ ನುಗ್ಗಿತು. ನಾನು ಎಡಕ್ಕೆಂದರೆ ಅದು ಬಲಕ್ಕೆ. ರುದ್ರಪ್ಪನವರು ಮೇಜಿನ ಕೆಳಗೆ ಸೇರಿದರು, ಮುಖ್ಯ ಅತಿಥಿಗಳಿಗೆ ತೊಡಿಸಿದ್ದ ಪೇಟ ಉರುಳಿತು. ಬಯಲಿಗೆ ಬಯಲೇ ಎದ್ದು ಶಿಳ್ಳೆ ಹೊಡೆಯಿತು. ವಿಮಾನ ಕೊನೆಗೊಂದು ಸಲ ಗಿರಕಿ ಹೊಡೆದು ತೆಂಗಿನಮರದ ಸುಳಿಗೆ ಬಡಿದು ಚೂರುಚೂರಾಗಿ ಉದುರಿತು. ನನಗೆ ನಿಜವಾಗಿಯೂ ಕರುಳು ಕಿತ್ತು ಬಂದಂತಾಯಿತು. ತಿರುಗಿ ನೋಡಿದರೆ ಸುಮಿತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ದುಃಖವೆಂದುಕೊಂಡೆ; ನೋಡಿದರೆ ನಕ್ಕು ನಕ್ಕು ಅವಳಿಗೆ ಉಸಿರೇ ತಿರುಗುತ್ತಿರಲಿಲ್ಲ.

ಅಂದೇ ಸಂಜೆ ಕ್ಲಬ್ಬು ಸ್ಪರ್ಧೆಯನ್ನು ವರ್ಷಾವರ್ಷ ನಡೆಸಲು ಒಮ್ಮತದಿಂದ ತೀರ್ಮಾನಿಸಿತು. “ಹೊರಗ್ನೋರು ಬಂದ್ರೂ ಸರಿ, ಬರ್ದಿದ್ರೂ ಸರಿ. ನೀವು ಮಾತ್ರ ತಪ್ಪಿಸ್ಬೇಡಿ” ಎಂದರು ರುದ್ರಪ್ಪನವರು. ಸುದ್ದಿ ಕೇಳಿ ಬೇಲೂರಿನ ಕ್ಲಬ್ಬಿನವರೂ ಮನೆಗೆ ಬಂದು, ತಮ್ಮಲ್ಲೂ ಸ್ಪರ್ಧೆ ಇಡುವುದಾಗಿ ಹೇಳಿದರು. ಬೀಳಿಸುವ ಜಾಗವನ್ನೂ ಅವರೇ ನೋಡಿಟ್ಟಿದ್ದಾರೆ. ಈಗ ಹೊಸ ವಿಮಾನ ಸಿದ್ಧವಾಗುತ್ತಿದೆ. ಸುಮಿತ್ರ ತಾನಾಗಿಯೇ ಪಟ್ಟಿಗಳಿಗೆ ಅಂಟು ಹಚ್ಚಿಕೊಡುತ್ತಾಳೆ. ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಬೇಲೂರಿಗೆ ಕರೆದಿದ್ದಾಳೆ. ನೆಟ್ಟಗೆ ಇಳಿಸಬೇಕೆಂಬ ಆಸೆ ನನಗೆ ಇನ್ನೂ ಇದೆ. ಆದರೆ ಅಷ್ಟು ಜನರಿಗೆ ನಿರಾಸೆ ಮಾಡುವ ಧೈರ್ಯ ಮಾತ್ರ ಸಾಲದು.