ತಗಡು ಮೇಷ್ಟ್ರ ಕಾರಿನ ನೆಗ್ಗು

ರಾತ್ರಿಯ ಬಿರುಗಾಳಿಗೆ ಬೀಳಿಸಲು ಊರಲ್ಲಿ ಬೇರೆ ಎಷ್ಟೋ ವಸ್ತುಗಳಿದ್ದವು. ಅದು ಮಾತ್ರ ಹೆಡ್‌ಮಿಸ್ ಮನೆಯ ತಾರಸಿಯ ಅಂಚಿನಲ್ಲಿದ್ದ, ಮಣ್ಣು ತುಂಬಿದ ಪ್ಲಾಸ್ಟಿಕ್ ಕುಂಡವನ್ನೇ ಹುಡುಕಿ ತಳ್ಳಿತು. ಕೆಳಗೆ ಸಾಲಾಗಿ ಏಳು ಕಾರು ನಿಂತಿದ್ದವು. ಕುಂಡ ಬಿದ್ದದ್ದು ಪಕ್ಕದ ಮನೆಯ ತಗಡು ಮೇಷ್ಟ್ರ ಕಾರಿನ ಮೇಲೆ.

ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದ ಮೇಷ್ಟ್ರು ಬಾನೆಟ್ಟಿನ ನಡುವೆ ಊಟದ ತಟ್ಟೆಯಷ್ಟು ಅಗಲದ ನೆಗ್ಗು ನೋಡಿ ಬಾಯಲ್ಲಿದ್ದ ನೊರೆಯನ್ನು ಹಾಗೇ ನುಂಗಿದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಬೀದಿಯ ಕೊನೆಯ ಶೆಡ್ಡಿನಲ್ಲಿ ಕಾರುಗಳ ನೆಗ್ಗು ತೆಗೆಯುವುದು ಅವರ ಕಸುಬು. ಕಂಬಕ್ಕೆ ಗುದ್ದಿ ಮುದ್ದೆಯಾದ ಕಾರು ಅವರ ಕೈಗೆ ಸಿಕ್ಕರೆ, ವಾಪಸು ಹೋಗುವಾಗ ಅದಕ್ಕೆ ಗುದ್ದಿದ್ದೇ ಮರೆತುಹೋಗಿರುತ್ತಿತ್ತು. ಶೆಡ್ಡಿಗೆ ಬೋರ್ಡಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೇಷ್ಟ್ರು ತಮ್ಮ ಹದಿನಾಲ್ಕು ವರ್ಷದ ಕಾರಿನ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದರು. ಅದರ ಮೈಮೇಲೆ ಒಂದು ಗೀರನ್ನೂ ಯಾರೂ ಕಂಡವರಿಲ್ಲ.

ಆ ಬೀದಿಯಲ್ಲಿ ಅವರನ್ನು ಮೇಷ್ಟ್ರು ಎಂದು ಕರೆಯದಿದ್ದವರು ಒಬ್ಬರೇ, ಹೆಡ್‌ಮಿಸ್. ನಿವೃತ್ತರಾಗಿ ಹತ್ತು ವರ್ಷವಾದರೂ ಹೆಸರು ಹಾಗೇ ಉಳಿದಿತ್ತು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರನ್ನು ಮೂರು ವರ್ಷ ಕೂರಿಸಿಕೊಂಡ ಪುಣ್ಯಾತ್ಗಿತ್ತಿ ಇವರೇ. ಕಿಟಕಿಯ ಗಾಜು ಒಡೆದದ್ದಕ್ಕೆ ಒಮ್ಮೆ ‘ತಪ್ಪು ನನ್ನದು’ ಎಂದು ನೂರು ಸಲ ಬರೆಸಿದ್ದರು. ಗಾಜು ಒಡೆದದ್ದು ಬೇರೆ ಯಾರೋ. ಆ ಸಂಕಟ ಮೇಷ್ಟ್ರ ಹೊಟ್ಟೆಯಲ್ಲಿ ಮೂವತ್ತು ವರ್ಷದಿಂದ ಅರಗದೆ ಕೂತಿತ್ತು.

ಹಾಗಾಗಿ ನೆಗ್ಗು ಕಂಡ ದುಃಖದ ಹಿಂದೆಯೇ ಮೇಷ್ಟ್ರಿಗೆ ಒಂದು ಸಣ್ಣ ಸಂತೋಷವೂ ಆಯಿತು. ಬಾಯಿ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದ ಗೇಟು ತಟ್ಟಿದರು.

"ಟೀಚರ್, ನಿಮ್ಮ ಕುಂಡ ನನ್ನ ಕಾರಿನ ಮೇಲೆ ಬಿದ್ದಿದೆ."

ಹೆಡ್‌ಮಿಸ್ ಹೊರಗೆ ಬಂದು ಕನ್ನಡಕ ಏರಿಸಿ ನೋಡಿದರು. "ಕುಂಡ ನಂದೇ. ಆದರೆ ಅದು ಬಿದ್ದಿರೋದು ರಸ್ತೆ ಮೇಲೆ. ಕಾರಿನ ಮೇಲೆ ಬಿತ್ತು ಅಂತ ಯಾರು ನೋಡಿದ್ರು?"

"ಮೇಲೆ ಬಿದ್ದು ಆಮೇಲೆ ಕೆಳಗೆ ಉರುಳಿದೆ ಟೀಚರ್. ನೆಗ್ಗು ನೋಡಿ!"

"ನೆಗ್ಗು ಮೊದಲೇ ಇತ್ತೇನೋ."

ಮೇಷ್ಟ್ರ ಕಿವಿ ಕೆಂಪಾಯಿತು. "ನನ್ನ ಕಾರಲ್ಲಿ ನೆಗ್ಗಾ? ಮೊದಲೇನಾ? ಟೀಚರ್, ಬೇಕಾದರೆ ಎರಡೇಟು ಹೊಡೀರಿ, ಈ ಮಾತು ಆಡಬೇಡಿ."

"ಕಿರುಚಬೇಡ್ವೋ. ವಿಮೆಯವರನ್ನ ಕರೆಸು. ಈ ಕುಂಡದಿಂದಲೇ ಈ ನೆಗ್ಗು ಆಗಿದ್ದು ಅಂತ ಅವರು ಬರೆದುಕೊಡಲಿ. ಇಡೀ ಬೀದಿ ಎದುರಿಗೆ ನಿಂತು ‘ತಪ್ಪು ನನ್ನದು’ ಅಂತೀನಿ. ರಿಪೇರಿನೂ ಮಾಡಿಸಿಕೊಡ್ತೀನಿ."

"ರಿಪೇರಿ ಬೇಡ ಟೀಚರ್. ಆ ಮಾತೊಂದು ಸಾಕು. ನೂರು ಸಲ ಹೇಳ್ತೀರಾ?"

"ನನಗೆ ಒಂದೇ ಸಲಕ್ಕೆ ಬರುತ್ತೆ," ಎಂದು ಹೆಡ್‌ಮಿಸ್ ಒಳಗೆ ಹೋದರು.

ವಿಮೆಯವರಿಗೆ ಫೋನಾಯಿತು. ಸಂಜೆ ಐದಕ್ಕೆ ಹಾನಿ ಪರಿಶೀಲಿಸುವ ಸರ್ವೆಯರ್ ಬರುತ್ತಾರೆ, ಅಲ್ಲಿಯವರೆಗೆ ಕಾರನ್ನು ಮುಟ್ಟಬೇಡಿ ಎಂದರು. ಆಗಿನ್ನೂ ಎಂಟು ಗಂಟೆ. ಒಂಬತ್ತು ಗಂಟೆ ಕಾಲ ಸುಮ್ಮನಿರುವುದು ಏನು ಮಹಾ ಎಂದುಕೊಂಡರು ಮೇಷ್ಟ್ರು.

ಮೊದಲು ಬಂದವನು ಎದುರು ಮನೆಯ ದರ್ಜಿ. "ಅಯ್ಯಯ್ಯೋ ಮೇಷ್ಟ್ರೇ! ನಿಮ್ಮ ಕಾರಲ್ಲಿ ನೆಗ್ಗು!" ಎಂದು ಬಾಯಿ ಬಡಿದುಕೊಂಡು, ಕಾರಿನ ಮುಂದೆ ನಿಂತು ನೆಗ್ಗಿನ ಜೊತೆ ತನ್ನ ಫೋಟೊ ತೆಗೆದುಕೊಂಡು, ಬೀದಿಯ ಅಷ್ಟೂ ಜನರ ಫೋನಿಗೆ ಕಳಿಸಿದ. ಹತ್ತು ಗಂಟೆಯ ಹೊತ್ತಿಗೆ ಹಸುಗೂಸನ್ನು ನೋಡಲು ಬರುವಂತೆ ಜನ ಬರತೊಡಗಿದರು. ಬಂದವರೆಲ್ಲ ನೆಗ್ಗನ್ನು ಒಂದು ಸಲ ಸವರಿ, ಲೊಚಗುಟ್ಟಿ ಹೋಗುತ್ತಿದ್ದರು.

ಹನ್ನೊಂದಕ್ಕೆ ಬ್ಯಾಂಕಿನ ಮ್ಯಾನೇಜರು ತಮ್ಮ ಕಾರಿನ ಬಾಗಿಲು ಸರಿಮಾಡಿಸಲು ಬಂದರು. ಮೇಷ್ಟ್ರ ಬಾನೆಟ್ಟನ್ನೂ ಮೇಷ್ಟ್ರ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು.

"ಇಲ್ಲ, ನಾನು ಇನ್ನೊಂದು ದಿನ ಬರ್ತೀನಿ. ನಿಮ್ದೇ ಕೆಲಸ ಬಾಕಿ ಇದೆ ಅನ್ಸುತ್ತೆ."

"ಸಾರ್, ಇದು ಬೇಕಂತಲೇ ಬಿಟ್ಟಿರೋದು!"

"ಹೌದೌದು," ಎಂದು ಮ್ಯಾನೇಜರು ಗಾಡಿ ಹಿಂದಕ್ಕೆ ತೆಗೆದರು.

ಮೇಷ್ಟ್ರು ಮನೆಗೆ ಓಡಿ, ಬಿಳಿ ಹೊದಿಕೆಯೊಂದನ್ನು ತಂದು ಕಾರಿಗೆ ಹೊದಿಸಿದರು. ಅದು ಇನ್ನೂ ಕೆಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕರು ನಿಂತು, ದನಿ ತಗ್ಗಿಸಿ, "ಯಾವಾಗ ಹೋದ್ರು? ವಯಸ್ಸಾಗಿತ್ತಾ?" ಎಂದು ಕೇಳಿದರು. ಮೇಷ್ಟ್ರ ಹೆಂಡತಿ ಬಂದು, "ರೀ, ಇರೋದೊಂದೇ ಒಳ್ಳೆ ಹೊದಿಕೆ," ಎಂದು ಅದನ್ನು ಎಳೆದುಕೊಂಡು ಹೋದಳು.

ಊಟಕ್ಕೆ ಕೂತರೂ ಮೇಷ್ಟ್ರ ಬೆರಳುಗಳು ಸುಮ್ಮನಿರಲಿಲ್ಲ. ತಟ್ಟೆಯ ಅಂಚಿನಲ್ಲಿ ಸಣ್ಣ ನೆಗ್ಗೊಂದು ಕಂಡಿತು. ತಟ್ಟಿ ಸರಿಮಾಡಿದರು. ಆಮೇಲೆ ಲೋಟ, ಆಮೇಲೆ ಕೊಳಗ, ಆಮೇಲೆ ಅವರ ಮದುವೆಯ ವರ್ಷ ನೆಲಕ್ಕೆ ಬಿದ್ದಿದ್ದ ದೊಡ್ಡ ಪಾತ್ರೆ. ಅಡುಗೆಮನೆಯಲ್ಲಿ ತಟ್ಟುವುದಕ್ಕೆ ಇನ್ನೇನೂ ಉಳಿಯದಾಗ ಗಡಿಯಾರದಲ್ಲಿ ಎರಡೂವರೆ. ಇಪ್ಪತ್ತು ವರ್ಷದಿಂದ ಈ ಪಾತ್ರೆಗೆ ಕಾದಿದ್ದೆ ಎಂದು ಹೆಂಡತಿಗೆ ಮಾತ್ರ ಆ ದಿನ ಸಂತೋಷವಾಯಿತು.

ಆಗ ಬಂದವನು ಪೇಟೆಯ ದೊಡ್ಡ ಗ್ಯಾರೇಜಿನ ಮಾಲೀಕ. ಫೋಟೊ ಅವನವರೆಗೂ ಹೋಗಿತ್ತು. ತಂಪು ಕನ್ನಡಕ ತೆಗೆಯದೆಯೇ ಜೇಬಿನಿಂದ ಕಾರ್ಡೊಂದನ್ನು ತೆಗೆದು ನೆಗ್ಗಿನ ನಟ್ಟನಡುವೆ ಇಟ್ಟ.

"ಕಷ್ಟ ಆದ್ರೆ ಸಂಕೋಚ ಬೇಡ ಮೇಷ್ಟ್ರೇ. ನಮ್ಮಲ್ಲಿ ಕಳಿಸಿಕೊಡಿ. ನೀವು ಅಂತ ಸ್ವಲ್ಪ ಕಡಿಮೆ ಮಾಡ್ತೀನಿ."

ಅವನ ಕಾರು ತಿರುವು ದಾಟುವುದರೊಳಗೆ ಮೇಷ್ಟ್ರು ಬಾನೆಟ್ಟು ಎತ್ತಿಯಾಗಿತ್ತು.

"ರೀ, ಮುಟ್ಟಬಾರದು ಅಂದಿದ್ರಲ್ಲ!" ಹೆಂಡತಿ ಕೂಗಿದಳು.

"ಅಂಚಲ್ಲಿ ಒಂಚೂರು ಮಾತ್ರ ಕಣೇ. ನೋಡೋರ ಕಣ್ಣಿಗೆ ಅಷ್ಟು ಹೊಡೀಬಾರದು, ಅಷ್ಟೇ."

ಆದರೆ ತಗಡಿನ ಕೆಲಸ ಒಂಚೂರಿಗೆ ನಿಲ್ಲುವುದಿಲ್ಲ. ಎಡಗಡೆ ಎತ್ತಿದರೆ ಬಲಗಡೆ ಮುನಿಸಿಕೊಳ್ಳುತ್ತದೆ. ಬಲಗಡೆಯನ್ನು ಸಮಾಧಾನ ಮಾಡಿದರೆ ನಡುವಿನದು ಎದ್ದು ನಿಲ್ಲುತ್ತದೆ. ಪುಣ್ಯಕ್ಕೆ ಬಣ್ಣ ಎಲ್ಲೂ ಕಿತ್ತಿರಲಿಲ್ಲ. ಮೇಷ್ಟ್ರು ಒಳಗಿನಿಂದ ಕಬ್ಬಿಣದ ಸಲಾಕೆ ಕೊಟ್ಟು, ಹೊರಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟುತ್ತಾ, ಅಂಗೈಯಿಂದ ಸವರಿ ಸವರಿ ನೋಡುತ್ತಾ ಹೋದರು. ಎರಡು ಗಂಟೆ ಕಾಲ ಅವರಿಗೆ ಬೀದಿಯೂ ಕಾಣಲಿಲ್ಲ, ಹೆಂಡತಿಯ ಬೈಗುಳವೂ ಕೇಳಲಿಲ್ಲ. ಕೊನೆಗೆ ಬಟ್ಟೆಯಿಂದ ಉಜ್ಜಿ ದೂರ ನಿಂತು ನೋಡಿದಾಗ ಅವರಿಗೇ ಕಣ್ಣು ತುಂಬಿ ಬಂತು. ಅಂಥ ಕೆಲಸ ಅವರು ಜೀವಮಾನದಲ್ಲಿ ಮಾಡಿರಲಿಲ್ಲ.

ದರ್ಜಿಯನ್ನು ಕರೆದರು. "ಎಲ್ಲಿತ್ತು ಹೇಳು ನೋಡೋಣ?"

ದರ್ಜಿ ಒಂದು ಕಡೆ ಬೆರಳಿಟ್ಟ, ತೆಗೆದ, ಇನ್ನೊಂದು ಕಡೆ ಇಟ್ಟ. "ಇಲ್ಲಿ... ಅಲ್ಲ, ಇಲ್ಲಿ... ಮೇಷ್ಟ್ರೇ, ಕೈ ಮುಗಿದೆ."

ಮೇಷ್ಟ್ರು ಎದೆಯುಬ್ಬಿಸಿ ನಿಂತರು. ಆಗ ಹೆಂಡತಿ ಕೇಳಿದಳು, "ರೀ, ಈಗ ಆ ವಿಮೆಯವರು ಬಂದು ಏನನ್ನ ನೋಡ್ತಾರೆ?"

ಮೇಷ್ಟ್ರ ಎದೆ ಇಳಿಯುವುದರೊಳಗೆ ಸರ್ವೆಯರ್ ಬಂದೇಬಿಟ್ಟರು.

ಸಣಕಲು ಮನುಷ್ಯ. ಕೈಯಲ್ಲಿ ಟಾರ್ಚು, ಕುತ್ತಿಗೆಯಲ್ಲಿ ಭೂತಕನ್ನಡಿ. "ಇಪ್ಪತ್ತೆರಡು ವರ್ಷದ ಸರ್ವೀಸು. ರಿಪೇರಿ ಆದ ಜಾಗ ಈ ಕಣ್ಣಿಗೆ ಒಂದು ಸಲಾನೂ ತಪ್ಪಿಲ್ಲ," ಎಂದು ಯಾರೂ ಕೇಳದಿದ್ದರೂ ಹೇಳಿ ಕೆಲಸಕ್ಕಿಳಿದರು. ಟಾರ್ಚು ಅಡ್ಡ ಹಿಡಿದರು, ಉದ್ದ ಹಿಡಿದರು. ಬಾನೆಟ್ಟಿಗೆ ಕೆನ್ನೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಅಷ್ಟರಲ್ಲಿ ಬೀದಿಯೆಲ್ಲ ನೆರೆದಿತ್ತು. ಹೆಡ್‌ಮಿಸ್ ಕೂಡ ಗೇಟಿನ ಹತ್ತಿರ ಬಂದು ನಿಂತರು.

"ನೆಗ್ಗು ಎಲ್ರೀ?"

"ತೆಗೆದುಬಿಟ್ಟೆ ಸಾರ್. ಕೈ ತಡೀಲಿಲ್ಲ. ಈಗ್ತಾನೇ, ಎರಡು ಗಂಟೇಲಿ."

ಸರ್ವೆಯರ್ ನಕ್ಕರು. ದರ್ಜಿ ಫೋಟೊ ತೋರಿಸಿದ. ಅದರಲ್ಲಿ ನೆಗ್ಗು ನೆಗ್ಗಿನಂತೆಯೇ ಇತ್ತು. ಆದರೆ ಕಾರಿನ ನಂಬರಿಗೆ ದರ್ಜಿಯ ಹೊಟ್ಟೆ ಅಡ್ಡ ಬಂದಿತ್ತು.

"ಇದು ಬೇರೆ ಕಾರು," ಎಂದರು ಸರ್ವೆಯರ್. "ಇಂಥಾ ನೆಗ್ಗನ್ನ ಎರಡು ಗಂಟೇಲಿ, ಒಂದು ಗುರುತೂ ಇಲ್ದಂಗೆ ತೆಗೆಯೋದು ಮನುಷ್ಯರಿಂದ ಆಗೋ ಮಾತಲ್ಲ."

ಮೇಷ್ಟ್ರಿಗೆ ರೇಗಿತು. ಅದರ ಜೊತೆಗೇ ಒಳಗೆಲ್ಲೋ ಹಾಲು ಕುಡಿದಷ್ಟು ಹಿತವಾಯಿತು. "ಏನಂದ್ರಿ ಸಾರ್? ಇನ್ನೊಂದ್ಸಲ ಹೇಳಿ."

"ಮನುಷ್ಯರಿಂದ ಆಗಲ್ಲ ಅಂದೆ. ನಿಮ್ಮ ಬೀದಿಯವರು ನಿಮ್ಮ ಪರಾನೇ ಹೇಳ್ತಾರೆ, ಬಿಡಿ. ಅಮ್ಮಾ, ಕುಂಡದವರು ನೀವಲ್ವಾ, ನೀವು ನೋಡಿದ್ರಾ?"

"ಬೆಳಿಗ್ಗೆ ನನ್ನ ಕಣ್ಣಿಗೆ ಕಂಡಿತ್ತು," ಎಂದರು ಹೆಡ್‌ಮಿಸ್. ಅವರು ಸುಳ್ಳು ಹೇಳುವವರಲ್ಲ. "ಈಗ ಕಾಣ್ತಿಲ್ಲ. ನಂಗೂ ವಯಸ್ಸಾಯ್ತು. ತಿಳಿದೋರು ನೀವು."

"ನೆರಳು ಬಿದ್ದಿರುತ್ತೆ ಬಿಡಿ. ಇವರು ತೆಗೆದೆ ಅನ್ನೋದಂತೂ ಶುದ್ಧ ಸುಳ್ಳು."

"ಇವನು ಏಳನೇ ಕ್ಲಾಸಲ್ಲೂ ಹೀಗೇ," ಹೆಡ್‌ಮಿಸ್ ನಿಟ್ಟುಸಿರಿಟ್ಟರು. "ಮಾಡದೇ ಇರೋ ಲೆಕ್ಕಾನ ಮಾಡಿದೀನಿ ಅಂತಿದ್ದ."

ಅಷ್ಟು ಸಾಕಾಯಿತು. ಮೂವತ್ತು ವರ್ಷದ್ದು ಒಂದೇ ಸಲ ನೆತ್ತಿಗೇರಿತು. "ನನ್ನ ಕೈಲಿ ಆಗಲ್ವಾ? ನನ್ನ ಕೈಲಾ?" ಎಂದು ಮೇಷ್ಟ್ರು ಕೊಡತಿಯನ್ನು ತಲೆಯ ಮೇಲೆತ್ತಿ, ಬಾನೆಟ್ಟಿನ ನಟ್ಟನಡುವೆ ಬಾರಿಸಿದರು.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನೋಡಿ ಸಾರ್! ಬೆಳಿಗ್ಗೆ ಇದ್ದಿದ್ದು ಇದೇ ನೆಗ್ಗು. ಇದೇ ಜಾಗ, ಇದೇ ಅಳತೆ. ಎರಡೇ ಗಂಟೆ ಇಲ್ಲಿ ಕೂತ್ಕೊಳ್ಳಿ, ನಿಮ್ಮ ಕಣ್ಣೆದುರಿಗೇ ತೆಗೆದು ತೋರಿಸ್ತೀನಿ!"

ಸರ್ವೆಯರ್ ಗಡಿಯಾರ ನೋಡಿಕೊಂಡರು. ಕೂರಲಿಲ್ಲ. ಪೆನ್ನು ತೆಗೆದು ಟಪಟಪನೆ ಬರೆದು, ಸಾಕ್ಷಿಯ ರುಜುವಿಗೆ ಹೆಡ್‌ಮಿಸ್ ಕಡೆ ಚಾಚಿದರು. ಅವರು ಪೂರ್ತಿ ಓದಿ, ಒಂದು ಅಲ್ಪವಿರಾಮ ಸೇರಿಸಿ, ದುಂಡಗೆ ರುಜು ಹಾಕಿದರು. "ಹಾಗಾದರೆ ನಾನು ಹೇಳಬೇಕಾದ್ದು ಏನೂ ಉಳೀಲಿಲ್ಲ," ಎಂದು ಗೇಟು ಹಾಕಿಕೊಂಡರು. ಸರ್ವೆಯರ್ ಆ ಕಾಗದಕ್ಕೆ ಮುದ್ರೆ ಒತ್ತಿ, ಮೇಷ್ಟ್ರ ಕೈಗಿಟ್ಟು ಹೊರಟರು. ಗುಂಪು ಕರಗಿತು. ಮೇಷ್ಟ್ರು ಪಾವಟಿಗೆಯ ಮೇಲೆ ಕುಸಿದು ಕೂತರು.

"ಏನು ಬರೆದಿದಾನೆ ಓದೇ," ಎಂದರು ಹೆಂಡತಿಗೆ.

ಅವಳು ಓದಿದಳು. "‘ಸದರಿ ಬಾನೆಟ್ಟಿಗೆ ಈ ಹಿಂದೆ ಯಾವ ಕಾಲದಲ್ಲಿಯೂ ಹಾನಿಯಾಗಿಲ್ಲ, ರಿಪೇರಿಯೂ ನಡೆದಿಲ್ಲ ಎಂದು ಇಪ್ಪತ್ತೆರಡು ವರ್ಷಗಳ ಅನುಭವದಿಂದ ದೃಢೀಕರಿಸುತ್ತೇನೆ. ನನ್ನ ಸಮಕ್ಷಮದಲ್ಲಿ ಮಾಲೀಕರೇ ತಮ್ಮ ಕಾರನ್ನು ತಮ್ಮ ಕೊಡತಿಯಿಂದ ಹೊಡೆದು ಹಾಳುಮಾಡಿದ್ದು, ಅದಕ್ಕೆ ಅವರೇ ಹೊಣೆ.’"

ಮೇಷ್ಟ್ರ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

"ಮೊದಲನೇ ವಾಕ್ಯ ಇನ್ನೊಂದ್ಸಲ ಓದು."

ಅವಳು ಓದಿದಳು.

"ಸರ್ಕಾರದ ಮುದ್ರೆ ಇದೆಯಾ?"

"ಕಂಪನಿದು ಇದೆ."

"ಆಯ್ತು. ನಾಳೆ ಇದಕ್ಕೆ ಗಾಜು ಹಾಕಿಸಿ ಶೆಡ್ಡಲ್ಲಿ ನೇತು ಹಾಕ್ತೀನಿ. ನೋಡಲಿ ಆ ಪೇಟೆ ಗ್ಯಾರೇಜಿನವನು! ಅವನ ಹತ್ರ ಇದೆಯಾ ಇಂಥಾ ಸರ್ಟಿಫಿಕೇಟು?"

"ಹಾಕ್ಸಿ ರೀ," ಎಂದಳು ಹೆಂಡತಿ, ಕಾರಿನ ಕಡೆ ನೋಡುತ್ತಾ. "ಎರಡನೇ ವಾಕ್ಯಾನ ಮಾತ್ರ ಒಳಗೆ ಮಡಚಿ ಹಾಕ್ಸಿ."